ಎಸೆದ ಕೂಡಲೇ ಎಡಕ್ಕೆ ಉರುಳುವ ವಿಮಾನ

ಪ್ರಶ್ನೆ: ಸರ್, ಹಾಸನದಲ್ಲಿ ಟೂ ವೀಲರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ವಯಸ್ಸು 42. ಚಿಕ್ಕಂದಿನಿಂದ ವಿಮಾನದ ಹುಚ್ಚು. ಈ ವರ್ಷ ಧೈರ್ಯ ಮಾಡಿ ಆನ್‌ಲೈನ್‌ನಲ್ಲಿ ಒಂದು ಹಳೇ ಯುದ್ಧವಿಮಾನದ ಮಾದರಿ ತರಿಸಿದೆ. ಫೋಮಿನದು. ರೆಕ್ಕೆ ತುದಿಯಿಂದ ತುದಿಗೆ 75 ಸೆಂ.ಮೀ., ರೆಕ್ಕೆಯ ಅಗಲ ಸರಾಸರಿ 13 ಸೆಂ.ಮೀ., ಬ್ಯಾಟರಿ ಸೇರಿ ತೂಕ 480 ಗ್ರಾಂ. ಮೂತಿ ಭಾರ ಆದರೆ ಬೀಳುತ್ತದೆ ಅಂತ ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದೆ. ಆದರೂ ಕೈಯಿಂದ ಎಸೆದ ಕೂಡಲೇ ಮೂತಿ ಎತ್ತಿ, ಎಡಕ್ಕೆ ಉರುಳಿ, ನೆಲಕ್ಕೆ ಹೊಡೆಯುತ್ತದೆ. ಮೂರು ಸಲ ಆಯ್ತು. ಈಗ ಉಳಿದಿರುವುದು ಮೋಟಾರು, ಬಾಲ ಮತ್ತು ಸ್ವಲ್ಪ ಊದಿಕೊಂಡಿರುವ ಬ್ಯಾಟರಿ. ತಪ್ಪು ಎಲ್ಲಿ? ನಾನೇ ಒಂದು ಕಟ್ಟಬಹುದಾ? ಇಲ್ಲಿ ಎಲ್ಲಿ ಹಾರಿಸಬೇಕು, ಲೈಸೆನ್ಸ್ ಬೇಕಾ? ಹಳೇ ಸಾಮಾನು ಹೊಸದಕ್ಕೆ ಆಗುತ್ತಾ?

ಉತ್ತರ: ನಿಮ್ಮ ಪತ್ರ ಓದುತ್ತಾ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲಿ ನಾನು ಮಾಡಿದ್ದೂ ಇದೇ. ಮೂತಿ ಹಗುರ ಇದ್ದರೆ ತಾನೇ ಮೇಲೆ ಏಳೋದು, ಅಲ್ವಾ? ಹಾಗಂತ ನಾನೂ ಬ್ಯಾಟರಿಯನ್ನು ಹಿಂದಕ್ಕೆ ತಳ್ಳಿದ್ದೆ. ನಿಮ್ಮದು ಮೂರು ಸಲ ಬಿತ್ತು, ನನ್ನದು ಐದು ಸಲ. ಮೋಟಾರು ಸರಿಯಿಲ್ಲ ಅಂತ ಮಾರಿದವರ ಜೊತೆ ಜಗಳವನ್ನೂ ಆಡಿದ್ದೆ. ಮೋಟಾರು ಸರಿಯಾಗಿಯೇ ಇತ್ತು. ನಿಮ್ಮದೂ ಸರಿಯಾಗಿಯೇ ಇದೆ. ತಪ್ಪು ನೀವು ಸರಿಸಿದ ಆ ಬ್ಯಾಟರಿಯಲ್ಲಿದೆ.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿರುತ್ತೀರಿ. ಭಾರ ಒಂದು ಚೂರು ಮುಂದೆ ಇರೋ ಹಾಗೆ ಹೇರುತ್ತಾರೆ. ಹಿಂಭಾರ ಆದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಗಾಡಿ ಹೊರಡುವುದೇ ಇಲ್ಲ. ವಿಮಾನದ್ದೂ ಅದೇ ಲೆಕ್ಕ. ಗಾಡಿ ಹಿಂಭಾರವಾದರೆ ನಿಲ್ಲಿಸಿ ಮತ್ತೆ ಹೇರಬಹುದು. ವಿಮಾನಕ್ಕೆ ಆ ಪುರಸೊತ್ತು ಇಲ್ಲ.

ಒಳಗೆ ನಡೆಯುವುದು ಇಷ್ಟು. ರೆಕ್ಕೆ ವಿಮಾನವನ್ನು ಎತ್ತುವ ಬಲ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಕೆಲಸ ಮಾಡುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ ಅಳೆದರೆ ಅಗಲದ ಕಾಲು ಭಾಗದ ಹತ್ತಿರ. ವಿಮಾನದ ಒಟ್ಟು ಭಾರ ನಿಲ್ಲುವ ಬಿಂದುವಿಗೆ ನಾವೆಲ್ಲ ಸಿ.ಜಿ. ಅನ್ನುತ್ತೇವೆ. ಇದು ಸರಿಯಾದ ಜಾಗದಲ್ಲಿದ್ದರೆ, ಗಾಳಿ ಬಡಿದು ಮೂತಿ ಮೇಲೆದ್ದಾಗ ಬಾಲವೂ ಗಾಳಿಯ ಮೇಲೆ ಒತ್ತಿ ಮೂತಿಯನ್ನು ವಾಪಸ್ ಕೆಳಗೆ ತರುತ್ತದೆ. ನೀವು ರಿಮೋಟಿನ ಕಡ್ಡಿ ಮುಟ್ಟದಿದ್ದರೂ ತಾನೇ ಸರಿಹೋಗುತ್ತದೆ. ಭಾರ ತೀರಾ ಹಿಂದೆ ಹೋದರೆ ಬಾಲಕ್ಕೆ ಆ ಶಕ್ತಿ ಸಾಲುವುದಿಲ್ಲ. ಎದ್ದ ಮೂತಿ ಇನ್ನೂ ಏಳುತ್ತದೆ. ರೆಕ್ಕೆ ಗಾಳಿಗೆ ಹನ್ನೆರಡು, ಹದಿನೈದು ಡಿಗ್ರಿ ಓರೆಯಾಯಿತು ಅಂದರೆ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಸ್ಟಾಲ್ ಅನ್ನುವುದು ಇದಕ್ಕೇ. ಎಂಜಿನ್ ಆಫ್ ಆಗುವ ಸ್ಟಾಲಿಗೂ ಇದಕ್ಕೂ ಸಂಬಂಧವಿಲ್ಲ.

ಎಡಕ್ಕೇ ಯಾಕೆ ಉರುಳುತ್ತದೆ? ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದು ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ತಿರುಗಲು ನೋಡುತ್ತದೆ. ಡ್ರಿಲ್ಲಿಂಗ್ ಮಷೀನ್ ಸಿಕ್ಕಿಕೊಂಡಾಗ ಕೈ ತಿರುಚುತ್ತದಲ್ಲ, ಅದೇ. ವೇಗ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ನೀವು ಫುಲ್ ಥ್ರಾಟಲ್, ಅಂದರೆ ಮೋಟಾರಿಗೆ ಪೂರ್ತಿ ವೇಗ, ಕೊಟ್ಟು ಮೇಲ್ಮುಖವಾಗಿ ಎಸೆದಿರಿ. ವೇಗ ಇನ್ನೂ ಕೂಡಿಲ್ಲ, ಮೂತಿ ಎದ್ದಿದೆ, ಸ್ಟಾಲ್ ಆಗುವ ಗಳಿಗೆ ಬಂತು. ಮೋಟಾರು ಪೂರ್ತಿ ತಿರುಚುತ್ತಿದೆ. ಎಡ ರೆಕ್ಕೆ ಮೊದಲು ಬೀಳದೆ ಇನ್ನೇನು ಮಾಡೀತು? ಮೇಲಕ್ಕೆ ಎಸೆದೆ ಅಂತ ನೀವು ಬರೆದಿಲ್ಲ, ನಿಜ. ಆದರೆ ಹೊಸಬರೆಲ್ಲ ಹಾಗೇ ಎಸೆಯುತ್ತಾರೆ. ಆಕಾಶಕ್ಕೆ ಹೋಗಬೇಕಾದದ್ದು ಅಂತ ಆಕಾಶ ನೋಡಿಕೊಂಡೇ ಎಸೆಯುತ್ತಾರೆ.

ಇದರ ಜೊತೆಗೆ ನಮ್ಮ ಊರಿನದೂ ಒಂದು ಪಾಲಿದೆ. ಹಾಸನ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ಸಾವಿರ ಮೀಟರ್ ಮೇಲಿದೆ. ಚಿಕ್ಕಮಗಳೂರು ಸಾವಿರ ದಾಟಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ. 10ರಷ್ಟು ತೆಳು. ಅಂದರೆ ಅದೇ ವಿಮಾನ ಇಲ್ಲಿ ಬೀಳದೆ ಇರಬೇಕಾದರೆ ಶೇ. 5ರಷ್ಟು ಜಾಸ್ತಿ ವೇಗ ಬೇಕು. ಪ್ರೊಪೆಲ್ಲರ್ ಎಳೆಯುವ ಬಲವೂ ಅಷ್ಟು ಕಮ್ಮಿ. ನಿಮ್ಮ 480 ಗ್ರಾಮಿನ ಮಾದರಿಯ ಲೆಕ್ಕ ಹಾಕಿದೆ. ರೆಕ್ಕೆಯ ಒಂದು ಚದರ ಡೆಸಿಮೀಟರ್‌ಗೆ, ಅಂದರೆ 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಜಾಗಕ್ಕೆ, 49 ಗ್ರಾಂ ಭಾರ ಬೀಳುತ್ತದೆ. ಹಾಸನದ ಗಾಳಿಯಲ್ಲಿ ಅದು ಗಂಟೆಗೆ ಸುಮಾರು 33 ಕಿ.ಮೀ.ಗಿಂತ ನಿಧಾನವಾದರೆ ಬೀಳುತ್ತದೆ. ನಾವು ಹೆದರಿಕೊಂಡು, ಮುರಿದೀತು ಅಂತ ಮೆತ್ತಗೆ ಎಸೆಯುವ ಕೈಗೆ ಅಷ್ಟು ವೇಗ ಎಲ್ಲಿಂದ ಬರಬೇಕು?

ಅದಕ್ಕೇ ಹೇಳುವುದು, ಆ ಯುದ್ಧವಿಮಾನವನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಮುಂದೆ ಎಂದಾದರೂ ಅದನ್ನು ರಿಪೇರಿ ಮಾಡಿದರೆ ಸಿ.ಜಿ. ಮುಂದಿನ ಅಂಚಿನಿಂದ 3.3ರಿಂದ 3.9 ಸೆಂ.ಮೀ. ಒಳಗೆ ಇರಲಿ. ರೆಕ್ಕೆ ಹೊಟ್ಟೆಯ ಕೆಳಗಿರುವ ವಿಮಾನವಾದ್ದರಿಂದ ಮಗುಚಿ ಹಿಡಿದು ತೂಗಿ ನೋಡಬೇಕು, ಇಲ್ಲದಿದ್ದರೆ ಬೆರಳ ಮೇಲೆ ನಿಲ್ಲುವುದಿಲ್ಲ. ಆದರೆ ಕಲಿಯೋದಕ್ಕೆ ಅದು ಬೇಡ. ಮುರಿದರೆ ಹೊಟ್ಟೆ ಉರಿಯದಂಥದ್ದು ಒಂದು ಬೇಕು. ಅದನ್ನು ನೀವೇ ಕಟ್ಟಬಹುದು. ಕಟ್ಟಿದವನಿಗೆ ರಿಪೇರಿಯೂ ಗೊತ್ತಿರುತ್ತದೆ. ಬಿದ್ದ ದಿನ ಸಂಜೆಗೆ ಅಂಟು ಹಾಕಿ ಮಾರನೇ ಬೆಳಗ್ಗೆ ಮತ್ತೆ ಮೈದಾನಕ್ಕೆ ಹೋಗುತ್ತಾನೆ.

ಅಳತೆ ಕೊಡುತ್ತೇನೆ, ಬರೆದುಕೊಳ್ಳಿ. ರೆಕ್ಕೆ ಮೈಯ ಮೇಲ್ಗಡೆ ಕೂರುವ ವಿಮಾನ. ರೆಕ್ಕೆ ಉದ್ದ 100 ಸೆಂ.ಮೀ., ಅಗಲ 18. ಮೈ ಉದ್ದ 75. ಬಾಲದ ಅಡ್ಡ ಹಲಗೆ 36 ಉದ್ದ, ಎಲಿವೇಟರ್, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಅಲ್ಲಾಡುವ ಪಟ್ಟಿ, ಸೇರಿ 10 ಅಗಲ. ಎಲರಾನ್, ಅಂದರೆ ವಿಮಾನವನ್ನು ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಪಟ್ಟಿ, ಬೇಡವೇ ಬೇಡ. ಎಡಬಲ ತಿರುಗಿಸಲು ನಿಂತ ಬಾಲದ ರಡ್ಡರ್, ಎಲಿವೇಟರ್, ಥ್ರಾಟಲ್ ಮೂರೇ. ರೆಕ್ಕೆಯನ್ನು ಎರಡು ತುಂಡಾಗಿ ಮಾಡಿ, ನಡುವೆ ಜೋಡಿಸುವಾಗ ಎರಡೂ ತುದಿ ಮೇಜಿನಿಂದ 4ರಿಂದ 5 ಸೆಂ.ಮೀ. ಎದ್ದಿರಲಿ. ಹೀಗೆ ವಿ ಆಕಾರದಲ್ಲಿ ಎತ್ತಿ ಕಟ್ಟಿದ ರೆಕ್ಕೆ ಒಂದು ಕಡೆಗೆ ವಾಲಿದರೆ ತಾನೇ ಸಮಕ್ಕೆ ಬರುತ್ತದೆ. ಮೇಲೆ ಹಾರುವ ಹದ್ದಿನ ರೆಕ್ಕೆಯನ್ನು ಎದುರಿನಿಂದ ನೋಡಿದರೆ ಹೀಗೇ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಹದ್ದು ಅದನ್ನು ಕ್ಷಣಕ್ಕೊಮ್ಮೆ ಬದಲಾಯಿಸುತ್ತದೆ, ಹಾಗಾಗಿ ಹದ್ದನ್ನು ನೋಡಿ ಅಳತೆ ತೆಗೆಯಬೇಡಿ.

ತೂಕ 600 ಗ್ರಾಂ ದಾಟಬಾರದು. ದಾಟುವುದೂ ಇಲ್ಲ. ರೆಕ್ಕೆ 120, ಮೈ 100, ಬಾಲ 20, ಮೋಟಾರು 50, ಮೋಟಾರಿನ ವೇಗ ನೋಡಿಕೊಳ್ಳುವ ಇಎಸ್‌ಸಿ 30, ಬ್ಯಾಟರಿ 180, ರಡ್ಡರ್, ಎಲಿವೇಟರನ್ನು ಅಲ್ಲಾಡಿಸುವ ಎರಡು ಸರ್ವೋ 20, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, ಪ್ರೊಪೆಲ್ಲರ್, ಕಡ್ಡಿ, ರಬ್ಬರ್ ಬ್ಯಾಂಡ್ ಎಲ್ಲ ಸೇರಿ 60. ಆಗ ಒಂದು ಚದರ ಡೆಸಿಮೀಟರ್‌ಗೆ 33 ಗ್ರಾಂ ಬೀಳುತ್ತದೆ. ಗಂಟೆಗೆ 27 ಕಿ.ಮೀ. ವೇಗದಲ್ಲೂ ನೆಟ್ಟಗೆ ಹಾರುತ್ತದೆ. ಸೈಕಲ್ ಜೋರಾಗಿ ತುಳಿದ ವೇಗ. ಯೋಚನೆ ಮಾಡೋಕೆ ಟೈಮ್ ಸಿಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಂದೊಂದನ್ನೂ ತೂಗುತ್ತಾ ಕಟ್ಟಿ.

ಮೈಗೆ ಸನ್‌ಪ್ಯಾಕ್ ಶೀಟ್. ಫ್ಲೆಕ್ಸ್ ಬ್ಯಾನರ್ ಮಾಡುವವರ ಹತ್ತಿರ 3 ಮಿ.ಮೀ. ದಪ್ಪದ್ದು ಸಿಗುತ್ತದೆ. ಒಳಗೆ ಸಣ್ಣ ಸಣ್ಣ ಕೊಳವೆ ಸಾಲಾಗಿರುವ ಪ್ಲಾಸ್ಟಿಕ್ಕು. ಕೇಳುವಾಗ ಸರಿಯಾಗಿ ಕೇಳಿ, ಇಲ್ಲದಿದ್ದರೆ ಸನ್‌ಬೋರ್ಡ್ ಕೊಡುತ್ತಾರೆ, ಅದು ಭಾರ. ಇದನ್ನು ಮಡಿಸುವ ಉಪಾಯ ಒಂದಿದೆ. ಕೊಳವೆ ಹೋಗುವ ದಿಕ್ಕಿನಲ್ಲೇ ಸ್ಕೇಲಿಟ್ಟು, ಬ್ಲೇಡಿನಿಂದ ಮೇಲಿನ ಪದರವನ್ನು ಮಾತ್ರ ಕೊಯ್ಯಿರಿ. ಕೆಳಗಿನ ಪದರ ಹಾಗೇ ಇರಬೇಕು. ಚರ್ ಅಂತ ಸದ್ದು ಬಂದು ಬಿಟ್ಟುಕೊಳ್ಳುತ್ತದೆ. ಈಗ ಹಿಂದಕ್ಕೆ ಮಡಿಸಿದರೆ ಉಳಿದ ಪದರವೇ ಕೀಲು. ನೂರು ಸಲ ಮಡಿಸಿದರೂ ಹರಿಯಲ್ಲ. ಎರಡು ಮಡಿಕೆ ಹಾಕಿದರೆ ಮೇಲೆ ತೆರೆದ ಡಬ್ಬಿಯಂಥ ಮೈ ಸಿದ್ಧ. ಮೊದಲ ಸಲ ಬ್ಲೇಡು ಎರಡೂ ಪದರಕ್ಕೆ ಇಳಿಯುತ್ತದೆ, ಒಂದು ತುಂಡು ಹಾಳು ಮಾಡಿಯೇ ಕಲಿಯಬೇಕು.

ರೆಕ್ಕೆಗೆ ಸನ್‌ಪ್ಯಾಕ್ ಬೇಡ, ಭಾರ ಆಗುತ್ತದೆ. 5 ಮಿ.ಮೀ. ಡೆಪ್ರಾನ್ ಫೋಮ್ ತರಿಸಿ. ಕೆಳಗೊಂದು ಚಪ್ಪಟೆ ಹಾಳೆ, ಮೇಲೊಂದು ಬಾಗಿದ ಹಾಳೆ. ಬಾಗಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಚಪಾತಿ ಲಟ್ಟಣಿಗೆ ತಗೊಳ್ಳಿ. ಹಾಳೆಯನ್ನು ಹಳೇ ಕಂಬಳಿಯ ಮೇಲೆ ಹಾಸಿ, ಮುಂದಿನ ಅಂಚಿನ ಕಡೆ ಮೆಲ್ಲಗೆ ಒತ್ತಿ ಉರುಳಿಸುತ್ತಾ ಬನ್ನಿ. ಹತ್ತು ಹನ್ನೆರಡು ಸಲಕ್ಕೆ ಹಾಳೆ ತಾನೇ ಸುರುಳಿ ತಿರುಗುತ್ತದೆ. ಜೋರಾಗಿ ಒತ್ತಿದರೆ ಫಟ್ ಅಂತ ಸೀಳುತ್ತದೆ. ಮುಂದಿನ ಅಂಚಿನಿಂದ ಐದೂವರೆ ಸೆಂ.ಮೀ. ಹಿಂದೆ, ಎರಡು ಹಾಳೆಯ ನಡುವೆ ಬಿದಿರಿನ ದಬ್ಬೆ ನಿಲ್ಲಿಸಿ, 11 ಮಿ.ಮೀ. ಎತ್ತರ. ಅಡಿಕೆ ದಬ್ಬೆಯೂ ಆದೀತು, ಆದರೆ ನಯವಾಗಿ ಹೆರೆದು ಹಗುರ ಮಾಡಿಕೊಳ್ಳಬೇಕು. ಎರಡು ರೆಕ್ಕೆ ಸೇರುವ ನಡುಭಾಗಕ್ಕೆ 3 ಮಿ.ಮೀ. ಪ್ಲೈವುಡ್ಡಿನ ಪಟ್ಟಿ ಕೊಡಿ. ಮುರಿಯುವುದು ಯಾವಾಗಲೂ ಅಲ್ಲೇ.

ಪುಸ್ತಕಗಳಲ್ಲಿ ಬಾಲ್ಸಾ ಮರ ಅಂತ ಓದಿರುತ್ತೀರಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕಡೆಯಿಂದ ಬರುವ ಮರ, ಮರಗಳಲ್ಲೇ ಬಹಳ ಹಗುರ. ಚೆಂದದ ವಿಮಾನ ಆಗುತ್ತದೆ, ಆದರೆ ಬಿದ್ದರೆ ಕಡ್ಡಿ ಕಡ್ಡಿ. ನನ್ನ ಗೆಳೆಯರೊಬ್ಬರು ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಪ್ರಯತ್ನ ಮಾಡಿದ್ದರು. ವಿಮಾನ ಏಳಲಿಲ್ಲ, ಈಗ ಅದು ಅವರ ಮನೆ ಗೋಡೆಯ ಮೇಲಿದೆ.

ಅಂಟಿನ ಬಗ್ಗೆ ಒಂದು ಮಾತು. ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಗೋಂದು ಫೋಮಿಗೆ ಹಾಕಲೇಬೇಡಿ. ನಾನು ಹಾಕಿದ್ದೆ. ಕಣ್ಣೆದುರೇ ಫೋಮು ಕರಗಿ ಗುಳಿ ಬಿದ್ದು, ಬಾಲ ಕೈಗೆ ಬಂತು. ಹಾಟ್ ಗ್ಲೂ ಗನ್ ಸಾಕು, ಅದೂ ತೀರಾ ಬಿಸಿ ಇರಬಾರದು. ರೆಕ್ಕೆಯನ್ನು ಮೈಗೆ ಅಂಟಿಸಬೇಡಿ. ಮೈಗೆ ಅಡ್ಡಲಾಗಿ ಎರಡು ಕಡ್ಡಿ ತೂರಿಸಿ, ಆರೇಳು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಬಿದ್ದಾಗ ರೆಕ್ಕೆ ಜಾರಿಕೊಂಡು ಹಾರಿಹೋಗುತ್ತದೆ, ಮುರಿಯುವುದಿಲ್ಲ. ಮೋಟಾರು ಕೂರಿಸುವ ಹಲಗೆ ಒಂದೆರಡು ಡಿಗ್ರಿ ಬಲಕ್ಕೆ, ಎರಡು ಮೂರು ಡಿಗ್ರಿ ಕೆಳಕ್ಕೆ ತಿರುಗಿರಲಿ. ಎಡಗಡೆಯ ಮತ್ತು ಮೇಲ್ಗಡೆಯ ಸ್ಕ್ರೂಗಳ ಹಿಂದೆ ತೆಳ್ಳನೆಯ ವಾಷರ್ ಕೊಟ್ಟರೆ ಆಯ್ತು. ವಾಷರ್ ಬಗ್ಗೆ ನಾನು ನಿಮಗೇನು ಹೇಳೋದು! ನಿಮ್ಮನ್ನು ಎಡಕ್ಕೆ ಬೀಳಿಸಿದ ತಿರುಚನ್ನು ಇದು ಒಂದಷ್ಟು ತಿನ್ನುತ್ತದೆ.

ಮೋಟಾರು 2212 ಅಳತೆಯದು, 1000 ಕೆವಿ. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ಖಾಲಿ ಓಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಅದಕ್ಕೆ 10 ಇಂಚಿನ ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ, 3 ಸೆಲ್ಲಿನ 2200 ಎಂಎಎಚ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಅರ್ಧ ಥ್ರಾಟಲಿನಲ್ಲಿ ಎಂಟು ಹತ್ತು ನಿಮಿಷ ಹಾರುತ್ತದೆ. ಮೈಯ ಖರ್ಚು ಒಂದು ಸಣ್ಣ ಹೋಟೆಲ್ ಊಟದಷ್ಟೇ. ದುಡ್ಡು ಹೋಗುವುದು ರಿಮೋಟು, ಬ್ಯಾಟರಿ, ಚಾರ್ಜರಿಗೆ. ಆಟಿಕೆಯ ಜೊತೆ ಬಂದ ರಿಮೋಟ್ ಬಿಟ್ಟು, 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ಲಿನ ರಿಮೋಟ್ ಒಂದು ತಗೊಳ್ಳಿ, ಮುಂದೆ ಹತ್ತು ವಿಮಾನಕ್ಕೆ ಬರುತ್ತದೆ. ಲೈಪೋ ಬ್ಯಾಟರಿ ಕೊರಿಯರಿನಲ್ಲಿ ವಿಮಾನದ ಮೇಲೆ ಬರಲ್ಲ, ರಸ್ತೆಯಲ್ಲಿ ಬರುತ್ತದೆ. ತಡ ಆಯ್ತು ಅಂತ ಚಡಪಡಿಸಬೇಡಿ.

ಬ್ಯಾಟರಿ ಬರುವ ತನಕ ಸುಮ್ನೆ ಕೂರಬೇಡಿ. ಪಿಕಾಸಿಮ್ ಅನ್ನುವ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಅರ್ಧ ಗಂಟೆ, ಹದಿನೈದು ದಿನ. ವಿಮಾನ ನಿಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ನಿಮ್ಮ ಕಡೆಗೆ ಬರುವಾಗ ಎರಡೂ ಅದಲುಬದಲು. ಹೊಸಬರ ವಿಮಾನ ಬೀಳುವುದು ಹೆಚ್ಚಾಗಿ ಇಲ್ಲೇ. ಒಂದು ಉಪಾಯ ನೆನಪಿಡಿ: ಎದುರಿಗೆ ಬರುತ್ತಿರುವ ವಿಮಾನದ ಯಾವ ರೆಕ್ಕೆ ಕೆಳಗೆ ಬಾಗಿದೆಯೋ, ಕಡ್ಡಿಯನ್ನು ಆ ಕಡೆಗೇ ತಳ್ಳಿ. ಬೀಳುವ ಗೋಡೆಗೆ ಊರುಗೋಲು ಕೊಡುವ ಹಾಗೆ. ಇದು ಕೈಗೆ ಬಂತು ಅಂದರೆ ಅರ್ಧ ಕಲಿತ ಹಾಗೆ.

ಇನ್ನು ಮೈದಾನದ ವಿಷಯ. ಕಟ್ಟಿದ ದಿನವೇ ಮೋಟಾರು ಹಾಕಿ ಹಾರಿಸಬೇಡಿ. ರಾಗಿ ಕೊಯ್ದ ಹೊಲ ಅಥವಾ ಹುಲ್ಲು ಬೆಳೆದ ಜಾಗಕ್ಕೆ ಹೋಗಿ. ಎಲ್ಲ ಸಾಮಾನು ಒಳಗಿರಲಿ, ಪ್ರೊಪೆಲ್ಲರ್ ಮಾತ್ರ ಬಿಚ್ಚಿಡಿ, ಅದರ ಹತ್ತು ಗ್ರಾಂ ಬದಲಿಗೆ ಮೂತಿಗೆ ಒಂದು ನಟ್ಟನ್ನು ಟೇಪ್ ಹಾಕಿ ಅಂಟಿಸಿ. ಸಿ.ಜಿ. ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ ಇರಬೇಕು. ರೆಕ್ಕೆಯ ಕೆಳಗೆ ಎರಡೂ ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಎರಡು ತೋರುಬೆರಳ ಮೇಲೆ ಎತ್ತಿ. ಮೂತಿ ಒಂದು ಕೂದಲೆಳೆ ಕೆಳಗೆ ಬಾಗಿ ನಿಂತರೆ ಸರಿ. ಬಾಲ ಬಾಗಿದರೆ ಬ್ಯಾಟರಿ ಮುಂದಕ್ಕೆ.

ಈಗ ಗಾಳಿಗೆ ಎದುರು ನಿಂತು, ಹೆಗಲ ಎತ್ತರದಿಂದ, ಎದುರಿನ ಬೇಲಿ ನೋಡಿಕೊಂಡು ನೇರ ಎಸೆಯಿರಿ. ಆಕಾಶ ನೋಡಬೇಡಿ. ಎಂಟು ಹತ್ತು ಮೀಟರ್ ತೇಲಿ ಹೊಟ್ಟೆಯ ಮೇಲೆ ಇಳಿದರೆ ಚೆನ್ನಾಗಿದೆ. ಎರಡು ಮೂರು ಮೀಟರಿಗೇ ಮೂತಿ ಊರಿದರೆ ಬ್ಯಾಟರಿ ಒಂದು ಸೆಂ.ಮೀ. ಹಿಂದಕ್ಕೆ. ಸ್ವಲ್ಪ ಏಳುತ್ತದೆ, ನಿಂತಂತೆ ಆಗುತ್ತದೆ, ಧೊಪ್ ಅಂತ ಬೀಳುತ್ತದೆ ಅಂದರೆ ಬಾಲ ಭಾರ. ಬ್ಯಾಟರಿ ಮುಂದಕ್ಕೆ. ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಸೂತ್ರ ಕಟ್ಟಿದ್ದೀರಲ್ಲ? ಒಂದು ಗಂಟು ಮೇಲೆ, ಒಂದು ಗಂಟು ಕೆಳಗೆ ಅಂತ ಹತ್ತು ಸಲ ಬಿಚ್ಚಿ ಕಟ್ಟುತ್ತಿದ್ದೆವು. ಅದೇ ಸಹನೆ ಇಲ್ಲೂ ಬೇಕು. ನಾನು ಈಗಲೂ ಹೊಸ ವಿಮಾನಕ್ಕೆ ಇಪ್ಪತ್ತು ಸಲವಾದರೂ ಹೀಗೆ ಎಸೆದು ನೋಡುತ್ತೇನೆ.

ಮೋಟಾರಿನ ಜೊತೆ ಮೊದಲ ಹಾರಾಟಕ್ಕೆ ಇನ್ನೊಬ್ಬರು ಬೇಕು. ಅವರು ಎಸೆಯಲಿ, ನಿಮ್ಮ ಎರಡು ಕೈಯೂ ರಿಮೋಟಿನ ಮೇಲಿರಲಿ. ಮುಕ್ಕಾಲು ಥ್ರಾಟಲ್, ಗಾಳಿಗೆ ಎದುರು, ನೇರ. ಎರಡು ತೆಂಗಿನಮರದಷ್ಟು ಎತ್ತರ ಹೋಗುವ ತನಕ ತಿರುಗಿಸುವ ಆಸೆ ಬೇಡ. ಗಾಬರಿಯಾದರೆ ಥ್ರಾಟಲ್ ಇಳಿಸಿ ಕಡ್ಡಿಗಳನ್ನು ಬಿಟ್ಟುಬಿಡಿ. ಸಿ.ಜಿ. ಸರಿಯಿದ್ದರೆ ವಿಮಾನ ತಾನೇ ಸಮಕ್ಕೆ ಬರುತ್ತದೆ. ಕಡ್ಡಿಯನ್ನು ಗಟ್ಟಿ ಎಳೆದು ಹಿಡಿಯುವವರೇ ಬೀಳಿಸುವುದು.

ಹಾರಿಸುವ ಮೊದಲು ಫೇಲ್‌ಸೇಫ್ ಹಾಕಿದ್ದೀರಾ ನೋಡಿ. ಸಿಗ್ನಲ್ ತಪ್ಪಿದರೆ ಮೋಟಾರು ತಾನೇ ನಿಲ್ಲಬೇಕು. ರಿಮೋಟಿನ ಮೆನುವಿನಲ್ಲಿ ಇದನ್ನು ನಾವೇ ಹಾಕಬೇಕಾಗುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ಮೋಟಾರು ಓಡಿಸಿ, ರಿಮೋಟ್ ಆಫ್ ಮಾಡಿ ಪರೀಕ್ಷೆ ಮಾಡಿ. ನಾನು ಒಂದು ಸಲ ಉದಾಸೀನ ಮಾಡಿದೆ. ಸಿಗ್ನಲ್ ಹೋಯಿತು, ಥ್ರಾಟಲ್ ಇದ್ದ ಹಾಗೇ ಉಳಿಯಿತು, ವಿಮಾನ ನನಗೆ ಟಾಟಾ ಮಾಡಿ ಕಾಫಿ ತೋಟದ ಮೇಲೆ ಹೊರಟೇ ಹೋಯಿತು. ಎರಡು ದಿನ ಹುಡುಕಿದೆ. ಡಿಸೆಂಬರಿನಲ್ಲಿ ಹಣ್ಣು ಕೊಯ್ಯಲು ಬಂದ ಹೆಂಗಸರಿಗೆ ಅದು ಸಿಲ್ವರ್ ಓಕ್ ಮರದ ಮೇಲೆ, ಮೆಣಸಿನ ಬಳ್ಳಿಯಲ್ಲಿ ಸಿಕ್ಕಿಕೊಂಡಿದ್ದು ಕಂಡಿತಂತೆ. ರೆಕ್ಕೆಯ ಮೇಲೆ ಫೋನ್ ನಂಬರ್ ಬರೆದಿದ್ದಕ್ಕೆ ವಾಪಸ್ ಬಂತು. ಅವತ್ತಿನಿಂದ ಫೇಲ್‌ಸೇಫನ್ನೂ ಮರೆತಿಲ್ಲ, ನಂಬರ್ ಬರೆಯುವುದನ್ನೂ.

ನಮ್ಮ ಕಡೆ ಹಾರಿಸಲು ಒಳ್ಳೆಯ ಕಾಲ ಅಂದರೆ ರಾಗಿ ಕಟಾವು ಮುಗಿದ ಮೇಲೆ, ಡಿಸೆಂಬರಿನಿಂದ ಮಾರ್ಚ್. ಹೊಲ ಖಾಲಿ ಇರುತ್ತದೆ, ಗಾಳಿ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳವೂ ಚೆನ್ನ. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಆರು. ಚಿಕ್ಕಮಗಳೂರಿನಲ್ಲಿ ನಮಗೆ ಮಂಜು ಕರಗೋ ತನಕ ಕಾಯುವ ಕೆಲಸ ಬೇರೆ. ನಡು ಮಧ್ಯಾಹ್ನ ನೆಲ ಕಾದು ಗಾಳಿ ಬುಗ್ಗೆಯಂತೆ ಏಳುತ್ತದೆ, ಆಗ ಹೊಸಬರು ನೆರಳಲ್ಲಿ ಕೂತು ಹದ್ದುಗಳನ್ನು ನೋಡುವುದು ವಾಸಿ. ಆಷಾಢದ ಗಾಳಿ ಗಾಳಿಪಟಕ್ಕೆ ಬಿಟ್ಟುಬಿಡಿ. ಬೆಳಗ್ಗೆ ಸೂರ್ಯ ಬೆನ್ನಿಗಿರುವ ಹಾಗೆ ಹೊಲದ ಪೂರ್ವದ ಬದುವಿನಲ್ಲಿ ನಿಲ್ಲಿ. ಹೊಲ ಯಾರದ್ದು ಅಂತ ಕೇಳಿ, ಅವರನ್ನೂ ಅವರ ಮಕ್ಕಳನ್ನೂ ಕರೆಯಿರಿ. ದನ ಮೇಯುತ್ತಿದ್ದರೆ ಬೇಡ.

ಹೊಲದಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಇಲ್ಲದ ಜಾಗ ಸಿಗುವುದು ಕಷ್ಟ. ತಂತಿ ಯಾವಾಗಲೂ ಬೆನ್ನ ಹಿಂದೆ ಇರಲಿ. ವಿಮಾನ ತಂತಿಗೆ ಸಿಕ್ಕಿಕೊಂಡರೆ ಗಳ ಹಿಡಿದು ಹೋಗಬೇಡಿ, ಒಣಗಿದ ಬಿದಿರಾದರೂ ಬೇಡ. ಹಾಸನದಲ್ಲಿ ಸೆಸ್ಕ್, ನಮ್ಮಲ್ಲಿ ಮೆಸ್ಕಾಂ ಲೈನ್‌ಮನ್‌ಗೆ ಹೇಳಿ ಕಾಯಿರಿ. ಆರುನೂರು ಗ್ರಾಂ ಫೋಮಿಗೆ ಜೀವ ಕೊಡುವಂಥದ್ದೇನಿಲ್ಲ.

ಲೈಸೆನ್ಸ್ ಪ್ರಶ್ನೆಗೆ ಬರುತ್ತೇನೆ. ನಮಗೆ ಅನ್ವಯ ಆಗುವುದು 2021ರ ಡ್ರೋನ್ ನಿಯಮಗಳು. ಹೆಸರು ಡ್ರೋನ್ ಅಂತಿದ್ದರೂ ರೆಕ್ಕೆಯ ವಿಮಾನವೂ ಅದರೊಳಗೇ ಬರುತ್ತದೆ. 250 ಗ್ರಾಮಿನಿಂದ 2 ಕಿಲೋ ತನಕ ಮೈಕ್ರೋ ವರ್ಗ, ನಿಮ್ಮದು ಇದರಲ್ಲಿ. ದುಡ್ಡಿಗಾಗಿ ಅಲ್ಲದೆ ಹವ್ಯಾಸಕ್ಕೆ ಹಾರಿಸುವ ಮೈಕ್ರೋಗೆ ರಿಮೋಟ್ ಪೈಲಟ್ ಲೈಸೆನ್ಸ್ ಬೇಕಿಲ್ಲ. ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ದಾಟಬಾರದು. ಹಳದಿ, ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಯಾವುದು ಯಾವ ವಲಯ ಅನ್ನುವ ನಕ್ಷೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿದೆ. ಹೋಗುವ ಮುಂಚೆ ಪ್ರತಿ ಸಲ ನೋಡಿ, ಅದು ಬದಲಾಗುತ್ತಿರುತ್ತದೆ. ನೋಂದಣಿಯ ನಿಯಮವನ್ನೂ ಓದಿಕೊಳ್ಳಿ. ಠಾಣೆಗೆ ಒಂದು ಮಾತು ಹೇಳಿಟ್ಟರೆ ಆಮೇಲೆ ಯಾರಾದರೂ ಫೋನ್ ಮಾಡಿ ದೂರು ಕೊಟ್ಟಾಗ ತೊಂದರೆ ಇರಲ್ಲ.

ನಕ್ಷೆ ಏನೇ ಹೇಳಲಿ, ಹಾಸನದವರು ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಆಸುಪಾಸು ಸುಳಿಯಲೇಬಾರದು. 1982ರಿಂದ ಅಲ್ಲಿ ಕೂತು 36,000 ಕಿ.ಮೀ. ಮೇಲಿನ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದಾರೆ. ನಮಗೆ 100 ಮೀಟರ್ ಮೇಲಿನ ಫೋಮೇ ಕೈಗೆ ಸಿಗಲ್ಲ! ಬೇಲೂರು, ಹಳೇಬೀಡಿನ ದೇವಸ್ಥಾನದ ಮೇಲೆ ಒಂದು ಸುತ್ತು ಹೊಡೆಸಿ ವಿಡಿಯೊ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. 2023ರಿಂದ ಅವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಕಾವಲೂ ಇದೆ, ಜನವೂ ಇರುತ್ತಾರೆ. ಮುಳ್ಳಯ್ಯನಗಿರಿಯ ಗಾಳಿ ನೋಡಿದರೆ ಮೋಟಾರಿಲ್ಲದ ಗ್ಲೈಡರ್ ಬಿಡಬೇಕು ಅನ್ನಿಸುತ್ತದೆ. 1,930 ಮೀಟರ್ ಎತ್ತರ, ಪಶ್ಚಿಮದ ಗಾಳಿ ನೇರ ಬೆಟ್ಟಕ್ಕೆ ಬಡಿದು ಮೇಲಕ್ಕೆ ಹೋಗುತ್ತದೆ. ಆದರೆ ಜಾರಿದರೆ ಶೋಲಾ ಕಾಡಿನ ಕಮರಿಗೆ ಬೀಳುತ್ತದೆ. ಹುಡುಕಿಕೊಂಡು ಇಳಿಯುವ ಜಾಗವಲ್ಲ ಅದು.

ಕೊನೆಗೆ ಹಳೇ ಸಾಮಾನು. ಮೋಟಾರಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಬಾಗಿದ್ದರೆ ಪ್ರೊಪೆಲ್ಲರಿನ ತುದಿ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಬಾಗಿರದಿದ್ದರೆ ಎತ್ತಿಡಿ, ಮುಂದೆ ಸಣ್ಣ ವಿಮಾನಕ್ಕೆ ಆಗುತ್ತದೆ. ನಾನು ಹೇಳಿದ 600 ಗ್ರಾಮಿಗೆ ಅದರ ಶಕ್ತಿ ಸಾಲುವುದು ಅನುಮಾನ. ಸರ್ವೋ ಉಳಿದಿದ್ದರೆ ಹಲ್ಲು ಕಟಕಟ ಅನ್ನದಿದ್ದರೆ ಬಳಸಿ.

ಊದಿದ ಬ್ಯಾಟರಿ ಮಾತ್ರ ಯಾವುದಕ್ಕೂ ಬೇಡ. ಚಾರ್ಜಿಗೂ ಹಾಕಬೇಡಿ, ಅಂಗಡಿಯ ಆಯಿಲ್ ಡಬ್ಬಗಳ ಹತ್ತಿರವಂತೂ ಇಡಲೇಬೇಡಿ. ಬೆಂಕಿ ಹತ್ತಿದರೆ ಆರಿಸುವುದು ಸುಲಭವಿಲ್ಲ. ಹೊಸ ಬ್ಯಾಟರಿಗೂ ನಿಯಮ ಇದೆ: ಒಂದು ಸೆಲ್ 4.2 ವೋಲ್ಟ್ ದಾಟಬಾರದು, ಹಾರಾಟ ಮುಗಿಸುವಾಗ 3.5ಕ್ಕಿಂತ ಇಳಿಯಬಾರದು, ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಿ. 2200ರ ಬ್ಯಾಟರಿಗೆ 2.2 ಆಂಪಿಯರಿನಲ್ಲಿ ಚಾರ್ಜ್, ಎದುರಿಗೆ ಕೂತು. ಊದಿದ್ದನ್ನು ಹೀಗೆ ಮಾಡಿ. ನಿಮ್ಮ ಅಂಗಡಿಯಲ್ಲೇ 12 ವೋಲ್ಟಿನ ಇಂಡಿಕೇಟರ್ ಬಲ್ಬು ಇರುತ್ತದಲ್ಲ, 21 ವಾಟಿನದು. ಹೋಲ್ಡರಿಗೆ ಎರಡು ವೈರು ಬೆಸುಗೆ ಹಾಕಿ, ಬ್ಯಾಟರಿಯನ್ನು ಹಿತ್ತಲಲ್ಲಿ ಮರಳು ತುಂಬಿದ ಬಾಣಲೆಯ ಮೇಲಿಟ್ಟು ಸೇರಿಸಿ. ಬಲ್ಬು ಮಂಕಾಗುತ್ತಾ ಹೋಗಿ ಪೂರ್ತಿ ಆರಿದ ಮೇಲೂ ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ವೈರುಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಹೋಲ್ಡರ್ ಮಾತ್ರ ಎತ್ತಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.